ಬಾಸೆಲ್‌ನಲ್ಲಿ ಸಿಗುವ ನಮ್ಮೂರ ಕಾಗದಗಳು

ಮಂಗಳೂರು ಸಮಾಚಾರ, ಕಿಟೆಲ್ ನಿಘಂಟು, ಮಂಗಳೂರು ಹೆಂಚು. ಬಾಸೆಲ್ ಮಿಶನ್ ಅಂದರೆ ನಮಗೆ ನೆನಪಾಗುವುದು ಇವೇ. ಸ್ವಿಟ್ಜರ್ಲೆಂಡಿನ ಅದೇ ಬಾಸೆಲ್‌ನಲ್ಲಿ ಈಗ ನನ್ನ ವಾಸ. ಇಲ್ಲಿಗೆ ಬಂದ ಮೇಲೆ ಹತ್ತಿದ ಹುಚ್ಚು ಮಾತ್ರ ಬೇರೆ. ಆ ಮಿಶನ್‌ನ ಪಾದ್ರಿಗಳು ನಮ್ಮ ಕಡೆಯಿಂದ ತಮ್ಮ ಮನೆಗೆ ಬರೆದ ಕಾಗದಗಳನ್ನು ಹುಡುಕಿ ಕೂಡಿಡುತ್ತಿದ್ದೇನೆ.

ಮಿಶನ್‌ಗೆ ಬರೆದ ಕಾಗದಗಳಿಗೇನೂ ಬರವಿಲ್ಲ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದ ಕಾಲದಿಂದಲೂ ವರದಿ ಕಳಿಸುವುದು ಇವರ ಕೆಲಸದ್ದೇ ಭಾಗ. ಅವೆಲ್ಲ ಇಲ್ಲಿನ ಮಿಶನ್ ದಫ್ತರದಲ್ಲಿ ಭದ್ರವಾಗಿವೆ. ಆದರೆ ಮೇಲಿನವರಿಗೆ ಬರೆಯುವಾಗ ಯಾರಾದರೂ ಸ್ವಲ್ಪ ನೋಡಿಕೊಂಡೇ ಬರೀತಾರೆ, ಅಲ್ವಾ? ಅದರಲ್ಲೂ ಆಯ್ದ ಭಾಗಗಳು ಮಿಶನ್ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ದುಡ್ಡು ಕೊಡುವ ಭಕ್ತರು ಓದಬೇಕಲ್ಲ! ಅಮ್ಮನಿಗೋ ತಂಗಿಗೋ ಬರೆದದ್ದರ ರುಚಿಯೇ ಬೇರೆ. ಅಲ್ಲಿ ಮಳೆಗಾಲಕ್ಕೆ ಬೂಷ್ಟು ಹಿಡಿದ ಪುಸ್ತಕ ಇರುತ್ತದೆ, ಮಗುವಿನ ಜ್ವರ ಇರುತ್ತದೆ. ನಮ್ಮ ದೇವರುಗಳ ಬಗ್ಗೆ, ಜನರ ಬಗ್ಗೆ ಮೈ ಉರಿಯುವ ಮಾತುಗಳೂ ಇರುತ್ತವೆ. ಅವನ್ನೂ ಇಟ್ಟುಕೊಳ್ಳುತ್ತೇನೆ.

ಇಂಥವು ಒಂದೇ ಕಡೆ ಸಿಗುವುದಿಲ್ಲ. ಈ ಪಾದ್ರಿಗಳಲ್ಲಿ ಬಹಳಷ್ಟು ಮಂದಿ ಸ್ವಿಸ್ ಅಲ್ಲ, ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು. ಅಲ್ಲಿನ ಹಳೇ ಮನೆಗಳ ಅಟ್ಟ ಖಾಲಿ ಮಾಡಿದಾಗ ಕಟ್ಟುಗಳು ಹೊರಬೀಳುತ್ತವೆ. ಕೆಲವು ದಫ್ತರಕ್ಕೆ ಹೋಗುತ್ತವೆ, ಕೆಲವು ಸಂತೆಗೆ. ಇಲ್ಲಿನ ಪೇಟರ್ಸ್‌ಪ್ಲಾಟ್ಸ್‌ನಲ್ಲಿ ಶನಿವಾರ ಹಳೇ ಸಾಮಾನಿನ ಸಂತೆ ಇದೆ. ಅಲ್ಲಿ ನನಗೆ ಪೈಪೋಟಿ ಕೊಡುವವರು ಅಂಚೆಚೀಟಿ ಸಂಗ್ರಹಿಸುವವರು. ಅವರಿಗೆ ಬೇಕಾದ್ದು ಲಕೋಟೆ. ಮುದ್ರೆ ಸ್ಪಷ್ಟವಾಗಿದ್ದರೆ ರೇಟು ಜಾಸ್ತಿ. ಒಳಗಿನ ಕಾಗದವನ್ನು ತೆಗೆದು ಸುಮ್ನೆ ಬೇರೆ ಪೆಟ್ಟಿಗೆಗೆ ಎಸೆದಿರುತ್ತಾರೆ. ಯಾರು ಯಾರಿಗೆ ಬರೆದದ್ದೆಂದು ಆಮೇಲೆ ಯಾವ ದೇವರೂ ಹೇಳಲಾರ. ಲಕೋಟೆಯ ಬಳಕೆ ಬರುವ ಮೊದಲಿನವು ಈ ಗತಿಯಿಂದ ಪಾರಾಗಿವೆ. ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಮೈಮೇಲೆ ವಿಳಾಸ ಬರೆಯುತ್ತಿದ್ದರು. ಬೇರೆ ಮಾಡೋದಕ್ಕೇ ಬರಲ್ಲ.

ಓದುವುದು ಇನ್ನೊಂದು ಪಾಡು. ಆ ಕಾಲದ ಜರ್ಮನ್ ಕೈಬರಹಕ್ಕೆ ಕುರೆಂಟ್ ಅಂತಾರೆ. ಅದರಲ್ಲಿ 'ಇ' ಅಕ್ಷರ 'ಎನ್' ಥರ ಕಾಣುತ್ತದೆ. 'ಯು' ಗುರುತು ಸಿಗಲೆಂದು ತಲೆಮೇಲೊಂದು ಕೊಂಕು ಹಾಕಿರುತ್ತಾರೆ. ನನ್ನ ಜರ್ಮನ್ ಗೆಳೆಯರಿಗೇ ಓದಲು ಬರುವುದಿಲ್ಲ. ಆದರೆ ಪರದೇಶದ ಹೆಸರುಗಳನ್ನು ಮಾತ್ರ ಅವರು ಸಾಮಾನ್ಯವಾಗಿ ನಾವು ಓದಬಲ್ಲ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಹಾಗಾಗಿ ಒಂದು ಪದವೂ ತಿಳಿಯದ ಪುಟದ ನಡುವೆ ಧಾರವಾಡ, ಹುಬ್ಬಳ್ಳಿ ಎದ್ದು ಕಾಣುತ್ತವೆ. ನಾನು ಕೊಳ್ಳುವುದು ಇದನ್ನು ನೋಡಿಯೇ.

ಮನಸ್ಸು ಹಿಂಡುವುದು ಮಕ್ಕಳಿಗೆ ಬರೆದವು. ಓದಿನ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡುತ್ತಿದ್ದರು. ಅವರಿಗಾಗಿ ಬಾಸೆಲ್‌ನಲ್ಲಿ ಮಿಶನ್‌ನದೇ ವಸತಿಮನೆ ಇತ್ತು. ಆಮೇಲೆ ವರ್ಷಗಟ್ಟಲೆ ಅಪ್ಪ ಅಮ್ಮ ಅಂದರೆ ಕಾಗದವಷ್ಟೆ.

ನನಗೆ ಕೈಗೆ ಸಿಗಬೇಕೆಂದಿರುವುದು ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋದ ಕಾಗದ. ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದ. 1846ರಲ್ಲಿ, ಮಂಗಳೂರು ಸಮಾಚಾರ ಹೊರಡಿಸಿದ ಪಾದ್ರಿ ಮೊಗ್ಲಿಂಗ್ ಜೊತೆ ಇಲ್ಲಿಗೆ ಬಂದು ಓದಿ, 1851ರಲ್ಲಿ ಪಾದ್ರಿಯಾಗಿ ಊರಿಗೆ ಮರಳಿದ. ಈ ಚಳಿಯೂರಿಂದ ಆತ ಮಂಗಳೂರಿಗೆ ಬರೆದದ್ದು ಏನಾದರೂ ನಿಮ್ಮ ಕಡೆಯ ಯಾವುದಾದರೂ ಮನೆಯ ಪೆಟ್ಟಿಗೆಯಲ್ಲಿದ್ದರೆ, ದಯವಿಟ್ಟು ಲಕೋಟೆ ಬೇರೆ ಮಾಡಬೇಡಿ.