ಬೆಂಗಳೂರಿನ ಗಾಳಿಯ ಲೆಕ್ಕ: ಹಳೆಯ ಕೋಷ್ಟಕಗಳ ಕೆಲಸ ಎಲ್ಲಿಗೆ ಬಂತು

ಪಿಡಿಎಫ್‌ಗಳಲ್ಲಿ ಸಿಕ್ಕಿದ ಬೆಂಗಳೂರಿನ ಗಾಳಿ ಮಾಲಿನ್ಯದ ವಾರ್ಷಿಕ ಅಂಕಿಗಳೆಲ್ಲ ಅಂತೂ ಸ್ಪ್ರೆಡ್‌ಶೀಟಿಗೆ ಬಂದವು. ಇವನ್ನೆಲ್ಲ ಪೋಣಿಸಿ ಒಂದೇ ಗೆರೆ ಎಳೆಯುವುದು ಮೊದಲಿನ ಯೋಜನೆ. ಅದನ್ನು ಈಗ ಬಿಟ್ಟಿದ್ದೇನೆ. ಪ್ರತಿ ಅಳತೆ ಕೇಂದ್ರಕ್ಕೂ, ಪ್ರತಿ ವಿಧಾನಕ್ಕೂ ಬೇರೆ ಬೇರೆ ಗೆರೆ. ನೋಡಲು ಚೂರುಚೂರಾಗಿ ಕಾಣುತ್ತದೆ, ಆದರೆ ದಾಖಲೆ ಇರುವುದೇ ಹಾಗೆ.

ದೇಶದಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಕಾರ್ಯಕ್ರಮ 1984ರಲ್ಲಿ ಶುರುವಾಯಿತು. ಆಗ ಅಳೆಯುತ್ತಿದ್ದದ್ದು ಎಸ್‌ಪಿಎಂ, ಅಂದರೆ ದಪ್ಪ ಧೂಳೂ ಸೇರಿ ಗಾಳಿಯಲ್ಲಿ ತೇಲುವ ಕಣಗಳೆಲ್ಲ. ಆಮೇಲೆ ಉಸಿರಿನೊಳಗೆ ಹೋಗುವ ಸಣ್ಣ ಕಣಗಳ ಲೆಕ್ಕ ಬಂತು. 2009ರ ನವೆಂಬರಿನ ಹೊಸ ಮಾನದಂಡಗಳಲ್ಲಿ ಎಸ್‌ಪಿಎಂ ಪೂರ್ತಿ ಹೋಯಿತು. ವಾರ್ಷಿಕ ಮಿತಿ ಘನ ಮೀಟರ್ ಗಾಳಿಗೆ ಪಿಎಂ 10ಕ್ಕೆ (10 ಮೈಕ್ರಾನ್‌ವರೆಗಿನ ಕಣ) 60, ಪಿಎಂ 2.5ಕ್ಕೆ (2.5 ಮೈಕ್ರಾನ್‌ವರೆಗಿನ ಕಣ) 40 ಮೈಕ್ರೋಗ್ರಾಂ ಎಂದಾಯಿತು. ಹಳೆಯ ಎಸ್‌ಪಿಎಂ ಅಂಕಿಯನ್ನು ಯಾವುದೋ ಒಂದು ಅನುಪಾತದಿಂದ ಗುಣಿಸಿ ಪಿಎಂ 10 ಮಾಡಿಬಿಡಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ಆ ಅನುಪಾತ ಮಣ್ಣಿನ ರಸ್ತೆಯ ಪಕ್ಕ ಒಂದು, ಡಾಂಬರು ರಸ್ತೆಯ ಪಕ್ಕ ಇನ್ನೊಂದು. ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಮತ್ತೊಂದು. ಹಾಗಾಗಿ ಎಸ್‌ಪಿಎಂ ಕಾಲಂ ಅದರ ಪಾಡಿಗೆ ಇದೆ, ಮುಂದಿನದಕ್ಕೆ ಸೇರಿಸಿಲ್ಲ.

ಮ್ಯಾನುಯಲ್ ಕೇಂದ್ರದ, ಅಂದರೆ ಸಿಬ್ಬಂದಿ ಕೈಯಾರೆ ಅಳೆಯುವ ಕೇಂದ್ರದ, ಒಂದು ಅಂಕಿ ಹುಟ್ಟುವ ರೀತಿ ತಿಳಿದ ಮೇಲೆ ಆ ಕೋಷ್ಟಕಗಳ ಮೇಲೆ ನನಗೆ ಗೌರವ ಹೆಚ್ಚಿತು. ಫಿಲ್ಟರ್ ಪೇಪರನ್ನು ತೇವ ಆರಿಸಿ, ತೂಗಿ, ಯಂತ್ರದೊಳಗೆ ಇಡುತ್ತಾರೆ. ನಿಮಿಷಕ್ಕೆ 1.1 ಘನ ಮೀಟರಿನಂತೆ ಎಂಟು ಗಂಟೆ ಗಾಳಿ ಎಳೆದರೆ 528 ಘನ ಮೀಟರ್ ಆಯಿತು. ಮತ್ತೆ ತೂಗಿದಾಗ ಪೇಪರ್ 50 ಮಿಲಿಗ್ರಾಂ ಭಾರವಾಗಿದ್ದರೆ ಉತ್ತರ ಸುಮಾರು 95 ಮೈಕ್ರೋಗ್ರಾಂ. ತೂಕದಲ್ಲಿ ಒಂದೇ ಒಂದು ಮಿಲಿಗ್ರಾಂ ಆಚೀಚೆ ಆದರೂ ಉತ್ತರ ಹತ್ತಿರಹತ್ತಿರ 2 ಬದಲಾಗುತ್ತದೆ. ಪೇಪರಿನ ಅಂಚು ಹರಿದರೆ, ಮಳೆಗಾಲದ ತೇವ ಉಳಿದರೆ, ಮಧ್ಯೆ ಕರೆಂಟ್ ಹೋದರೆ ಮುಗಿಯಿತು. ಇಂಥ ಕೆಲಸವನ್ನು ವಾರಕ್ಕೆರಡು ದಿನ, ವರ್ಷಕ್ಕೆ 104 ದಿನ ಮಾಡಬೇಕೆಂಬುದು ನಿಯಮ. ದಶಕಗಳ ಕಾಲ ಯಾರೋ ಇದನ್ನು ಮಾಡುತ್ತ ಬಂದಿದ್ದಾರೆ. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ.

ಈಗಿನ ಯಂತ್ರಗಳು ಗಂಟೆಗಂಟೆಗೂ ಅಂಕಿ ಕೊಡುತ್ತವೆ. ಅವುಗಳ ತೊಂದರೆ ಬೇರೆ: ಖಾಲಿ ಜಾಗಗಳು. ನಮ್ಮೂರಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಧೂಳು ಹೆಚ್ಚು, ಮುಂಗಾರಿನ ಗಾಳಿ ಬೀಸುವಾಗ ಕಡಿಮೆ. ಜನವರಿಯಲ್ಲಿ ಯಂತ್ರ ಕೆಟ್ಟು ನಿಂತರೆ ಆ ವರ್ಷದ ಸರಾಸರಿ ತಾನಾಗಿ ಇಳಿಯುತ್ತದೆ. ಜುಲೈಯಲ್ಲಿ ನಿಂತರೆ ಏರುತ್ತದೆ. ಗಾಳಿ ಬದಲಾಗಿರುವುದಿಲ್ಲ. ಹೀಗಾಗಿ ಮೊದಲು ತಿಂಗಳ ಸರಾಸರಿ, ಅದರಿಂದ ವರ್ಷದ ಸರಾಸರಿ ತೆಗೆಯುತ್ತಿದ್ದೇನೆ. ಕನಿಷ್ಠ ಮುಕ್ಕಾಲು ಪಾಲು ಗಂಟೆಗಳಿಗಾದರೂ ಅಂಕಿ ಇರದ ತಿಂಗಳು ಖಾಲಿ. ಒಂದು ತಿಂಗಳು ಖಾಲಿಯಾದರೂ ಆ ವರ್ಷ ಖಾಲಿ. ಬಹಳ ವರ್ಷಗಳು ಕೈಬಿಟ್ಟುಹೋದವು, ಸಂಕಟವೇ ಆಯಿತು. ಆದರೂ ನಿಯಮ ಸಡಿಲಿಸುವುದಿಲ್ಲ.

ಇಡೀ ನಗರಕ್ಕೆ ಒಂದು ಸರಾಸರಿ ಎಂಬುದನ್ನೂ ಅಳಿಸಿದೆ. ಪೀಣ್ಯ, ಬಿಟಿಎಂ ಲೇಔಟ್ ಮೊದಲಿನಿಂದ ಇದ್ದವು. ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಆಮೇಲೆ ಸೇರಿದವು. ಪಟ್ಟಿಗೆ ಹೊಸ ಕೇಂದ್ರ ಬಂದ ಕೂಡಲೇ ‘ನಗರದ’ ಸರಾಸರಿ ಜಿಗಿಯುತ್ತದೆ.

ಸಲ್ಫರ್ ಡೈಆಕ್ಸೈಡ್ ಕಾಲಂ ಬಗ್ಗೆ ಒಂದು ಮಾತು. ಸಾಲುಸಾಲಾಗಿ 2.0 ಕಂಡರೆ ಅದನ್ನು ಅಳತೆ ಎಂದುಕೊಳ್ಳಬೇಡಿ. ಮ್ಯಾನುಯಲ್ ವಿಧಾನ ಪತ್ತೆ ಮಾಡಬಲ್ಲ ಮಿತಿ 4. ಅದಕ್ಕಿಂತ ಕಡಿಮೆ ಇದ್ದರೆ ಅರ್ಧ, ಅಂದರೆ 2 ಎಂದು ಬರೆಯುವುದು ರೂಢಿ. ಅಂಥ ಕೋಶಗಳಿಗೆ ಬೇರೆ ಬಣ್ಣ ಹಾಕಿದ್ದೇನೆ. ವಾಹನ, ಇಂಧನಗಳ ಭಾರತ್ ಸ್ಟೇಜ್ (ಬಿಎಸ್) ಮಾನದಂಡಗಳಿಂದ ಡೀಸೆಲ್‌ನಲ್ಲಿನ ಗಂಧಕ ಬಿಎಸ್-4ರಲ್ಲಿ 50 ಪಿಪಿಎಂಗೆ (ದಶಲಕ್ಷದಲ್ಲಿ 50 ಭಾಗ), ಬಿಎಸ್-6ರಲ್ಲಿ 10ಕ್ಕೆ ಇಳಿದದ್ದರ ಪರಿಣಾಮವನ್ನು ಇಲ್ಲಿ ಹುಡುಕುವ ಆಸೆಯಿತ್ತು. 2ರ ಸಾಲಿನಲ್ಲಿ ಅದು ಸಿಗದು.

ಎಕ್ಯುಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಸೇರಿಸಿಲ್ಲ. ಅದು ಬಂದದ್ದು 2015ರ ಏಪ್ರಿಲ್‌ನಲ್ಲಿ. ಆಯಾ ಹೊತ್ತಿಗೆ ಎಲ್ಲಕ್ಕಿಂತ ಕೆಟ್ಟದಾಗಿರುವ ಮಾಲಿನ್ಯಕಾರಕದ ಸೂಚ್ಯಂಕವೇ ಎಕ್ಯುಐ. ಇವತ್ತು ಹೊರಗೆ ಓಡಲು ಹೋಗಲೇ ಎಂದು ತೀರ್ಮಾನಿಸಲು ಒಳ್ಳೆಯದು, ಇಪ್ಪತ್ತು ವರ್ಷಗಳ ಹೋಲಿಕೆಗೆ ಅಲ್ಲ.

ಈಗ ತಲೆಕೆಡಿಸಿಕೊಂಡಿರುವುದು 2020ರ ಬಗ್ಗೆ. ಮಾರ್ಚ್ 25ಕ್ಕೆ ಲಾಕ್‌ಡೌನ್, ಏಪ್ರಿಲ್ 1ಕ್ಕೆ ಬಿಎಸ್-6. ನಡುವೆ ಒಂದೇ ವಾರ, ಯಾವುದರ ಪರಿಣಾಮ ಎಷ್ಟು ಎಂದು ಬಿಡಿಸುವುದು ಕಷ್ಟ. ಆ ವರ್ಷವನ್ನು ಗ್ರಾಫಿನಲ್ಲಿ ಬೂದು ಪಟ್ಟಿಯಾಗಿ ಬಿಟ್ಟು, 2019 ಮತ್ತು 2022ರ ಒಂದೇ ತಿಂಗಳುಗಳನ್ನು ಕೇಂದ್ರವಾರು ಎದುರುಬದುರು ಇಟ್ಟು ನೋಡುವುದು ಮುಂದಿನ ಕೆಲಸ. ಅದರ ಜತೆಗೆ 1990ರ ದಶಕದ ಮುದ್ರಿತ ವಾರ್ಷಿಕ ವರದಿಗಳೂ ಬೇಕಾಗಿವೆ. ಯಾರ ಬಳಿಯಾದರೂ ಇದ್ದರೆ ಕೋಷ್ಟಕದ ಪುಟಗಳ ಫೋಟೋ ಸಾಕು. ಅಳತೆಯ ವಿಧಾನ ಬರೆದಿರುವ ಪುಟವನ್ನು ಮಾತ್ರ ಬಿಡಬೇಡಿ.