ಮೂರನೆಯದು ಮೊದಲು ನಿಂತಾಗ: ಫ್ಯಾಂಟಸಿ ತ್ರಿವಳಿಗಳ ಮರುಓದಿಗೆ ಲೈಬ್ರರಿ ಪಾಠ

ಶಾಲಾ ಲೈಬ್ರರಿಗಳಲ್ಲಿ ಕಥೆ ಪುಸ್ತಕಗಳನ್ನು ಮೊದಲು ಲೇಖಕರ ಹೆಸರಿನ ಮೇಲೆ, ಆಮೇಲೆ ಪುಸ್ತಕದ ಹೆಸರಿನ ಮೇಲೆ ಅಕಾರಾದಿಯಾಗಿ ಜೋಡಿಸುವುದು ರೂಢಿ. ತ್ರಿವಳಿಗಳ, ಅಂದರೆ ಮೂರು ಪುಸ್ತಕಗಳ ಸರಣಿಗಳ ವಿಷಯದಲ್ಲಿ ಈ ರೂಢಿ ಕೈಕೊಡುತ್ತದೆ. ಗಾರ್ತ್ ನಿಕ್ಸ್ ಅವರ 'ಸ್ಯಾಬ್ರಿಯೆಲ್' 1995ರಲ್ಲಿ, 'ಲಿರೇಯೆಲ್' 2001ರಲ್ಲಿ, 'ಅಬ್‌ಹಾರ್ಸೆನ್' 2003ರಲ್ಲಿ ಬಂದವು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ರ‍್ಯಾಕಿಗೆ ಹೋದಾಗ ಅವು ನಿಲ್ಲುವುದು ಪೂರ್ತಿ ತಿರುಗಾಮುರುಗಾ. ಫಿಲಿಪ್ ಪುಲ್‌ಮನ್ ಅವರ 'ಹಿಸ್ ಡಾರ್ಕ್ ಮೆಟೀರಿಯಲ್ಸ್' ತ್ರಿವಳಿಯಲ್ಲಿ ಮೂರನೆಯ 'ದಿ ಆಂಬರ್ ಸ್ಪೈಗ್ಲಾಸ್' ಎಡತುದಿಗೆ ಬರುತ್ತದೆ. ಅರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಪುಸ್ತಕಗಳಲ್ಲೂ ಮೂರನೆಯದಾದ 'ದಿ ಫಾರ್ದೆಸ್ಟ್ ಶೋರ್'ಗೇ ಮೊದಲ ಜಾಗ. ಜೋನಾಥನ್ ಸ್ಟ್ರೌಡ್ ಅವರ ಬಾರ್ಟಿಮಿಯಸ್ ತ್ರಿವಳಿಯೊಂದು ಮಾತ್ರ ('ದಿ ಅಮ್ಯುಲೆಟ್ ಆಫ್ ಸಮರ್ಕಂಡ್', 'ದಿ ಗೋಲೆಮ್ಸ್ ಐ', ಇಂಗ್ಲಿಷಿನಲ್ಲಿ 'ಪಿ'ಯಿಂದ ಶುರುವಾಗುವ 'ಟಾಲೆಮೀಸ್ ಗೇಟ್') ಎ, ಜಿ, ಪಿ ಎಂದು ತಾನಾಗಿಯೇ ಸರಿಯಾಗಿ ನಿಲ್ಲುತ್ತದೆ.

ಹದಿಮೂರು ವರ್ಷದ ಓದುಗರು ಎಡಗಡೆಯಿಂದಲೇ ಪುಸ್ತಕ ಎಳೆಯುತ್ತಾರೆ. ಮೂರನೆಯದು ಕೈಗೆ ಬಂದು, ಇಪ್ಪತ್ತು ಪುಟಕ್ಕೆ ತಲೆಬುಡ ತಿಳಿಯದೆ ವಾಪಸ್ ಬಂದರೆ ಆ ಮಗು ಮೊದಲನೆಯದನ್ನೂ ಮುಟ್ಟುವುದಿಲ್ಲ. ಒಳ್ಳೆಯ ಓದುಗರನ್ನು ಹೀಗೆ ಕಳೆದುಕೊಳ್ಳುವುದು ನಿಜಕ್ಕೂ ನೋವಿನ ಸಂಗತಿ.

ಇದನ್ನು ಸರಿಪಡಿಸಲು ಅರ್ಧ ದಿನದ ಕೆಲಸ ಸಾಕು. ಬೆನ್ನಿನ ಲೇಬಲ್‌ನಲ್ಲಿ ಲೇಖಕರ ಹೆಸರಿನ ಮೂರಕ್ಷರದ ಕೆಳಗೆ ಸರಣಿಯ ಸಂಕೇತ, ಅದರ ಕೆಳಗೆ 1, 2, 3 ಎಂಬ ಅಂಕಿ ಹಾಕಿ, ಜೋಡಣೆಯೂ ಅದೇ ಕ್ರಮದಲ್ಲಿರಲಿ. ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರು ಪುಸ್ತಕದ ವಿವರ ತುಂಬುವ ಮಾರ್ಕ್ ದಾಖಲೆಯ 490 ಮತ್ತು 830ನೇ ಫೀಲ್ಡುಗಳಲ್ಲಿ ಸರಣಿಯ ಹೆಸರು ತುಂಬಿ, 'ವಿ' ಉಪಫೀಲ್ಡಿನಲ್ಲಿ ಸಂಪುಟ ಸಂಖ್ಯೆ ಕೊಡಬೇಕು. ಬರೀ ಶೀರ್ಷಿಕೆ ತುಂಬಿ ಬಿಟ್ಟರೆ ಹುಡುಕಾಟದಲ್ಲಿ ಮೂರೂ ಸಂಬಂಧವಿಲ್ಲದ ಪುಸ್ತಕಗಳಂತೆ ಕಾಣುತ್ತವೆ. ಪುಲ್‌ಮನ್ ಅವರದ್ದರಲ್ಲಿ ಇನ್ನೊಂದು ತೊಡಕಿದೆ. ಬ್ರಿಟನ್ನಿನಲ್ಲಿ 'ನಾರ್ದರ್ನ್ ಲೈಟ್ಸ್' ಆಗಿರುವ ಮೊದಲ ಪುಸ್ತಕವೇ ಅಮೆರಿಕದಲ್ಲಿ 'ದಿ ಗೋಲ್ಡನ್ ಕಂಪಾಸ್'. ಇದು ಗೊತ್ತಿಲ್ಲದೆ ಎರಡು ಬೇರೆ ಪುಸ್ತಕಗಳೆಂದು ಆರ್ಡರ್ ಹಾಕಿದರೆ ಮೊದಲನೆಯದು ಎರಡೆರಡು ಬಂದು ಎರಡನೆಯದು ಬಾರದೇ ಉಳಿಯುತ್ತದೆ. ಸಾಧ್ಯವಾದರೆ ಮೂರನ್ನೂ ಬ್ರಿಟಿಷ್ ಆವೃತ್ತಿಯಲ್ಲೇ ತರಿಸಿ. 'ಆಂಬರ್ ಸ್ಪೈಗ್ಲಾಸ್'ನ ಅಮೆರಿಕನ್ ಮುದ್ರಣದಲ್ಲಿ ಕಥಾನಾಯಕಿ ಲೈರಾ ಹರೆಯಕ್ಕೆ ಕಾಲಿಡುವ ಭಾಗದ ಕೆಲವು ವಾಕ್ಯಗಳನ್ನು ಕತ್ತರಿಸಿದ್ದಾರೆ. ಆ ಜಾಗವೇ ಕಥೆಯ ತಿರುವು.

ಇಷ್ಟಪಟ್ಟು ಒಮ್ಮೆ ಓದಿದ ತ್ರಿವಳಿಗಳೆಲ್ಲ ಮರುಓದಿಗೆ ತಾಳುವುದಿಲ್ಲ. ಪರೀಕ್ಷೆ ಒಂದೇ: ಮೂರನೆಯದು ಮುಗಿದ ವಾರದೊಳಗೆ ಮೊದಲನೆಯದರ ಮೊದಲ ಎರಡು ಅಧ್ಯಾಯ ಮತ್ತೆ ಓದಬೇಕು. ಆಗ ಹಳೆಯ ವಾಕ್ಯಗಳಿಗೆ ಹೊಸ ಅರ್ಥ ಬಂದರೆ ಆ ತ್ರಿವಳಿಗೆ ಹೆಚ್ಚುವರಿ ಪ್ರತಿ ಕೊಳ್ಳಬಹುದು. ಮುಂದೇನಾಯಿತು ಎಂಬ ಕುತೂಹಲದ ಮೇಲೆಯೇ ನಿಂತ ಕಥೆಯಾದರೆ ಒಂದು ಸೆಟ್ಟಿಗೇ ನಿಲ್ಲಿಸಿ. ಇಲ್ಲಿಂದ ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ಇನ್ನೂ ಓದದವರು ಪುಸ್ತಕ ಮುಗಿಸಿ ಬನ್ನಿ.

ಅರ್ತ್‌ಸೀ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದೆ. 1968ರ 'ಎ ವಿಝರ್ಡ್ ಆಫ್ ಅರ್ತ್‌ಸೀ'ಯಲ್ಲಿ ಹತ್ತೇ ಅಧ್ಯಾಯ. ನಾಯಕ ಗೆಡ್ ಮುಂದೆ ಮಹಾಮಾಂತ್ರಿಕನಾಗುತ್ತಾನೆಂದು ಮೊದಲ ಪುಟದಲ್ಲೇ ಹೇಳಿಬಿಡುತ್ತಾರೆ, ಹಾಗಾಗಿ ಕುತೂಹಲದ ಭಾರ ಬೇರೆಡೆಗೆ ಸರಿಯುತ್ತದೆ. ಅವನು ತನ್ನ ಮಂತ್ರದಿಂದಲೇ ಹೊರಬಂದ ನೆರಳಿನ ಬೆನ್ನುಹತ್ತಿ ಹೋಗುವಾಗ ಮರಳದಿಬ್ಬದ ಮೇಲಿನ ಮುದುಕಿಯೊಬ್ಬಳು ಮುರಿದ ಉಂಗುರದ ಅರ್ಧ ಚೂರನ್ನು ಅವನ ಕೈಗಿಡುತ್ತಾಳೆ. ಅದರ ಬೆಲೆ ಅವನಿಗೆ ಗೊತ್ತಿಲ್ಲ. ಮೊದಲ ಓದಿನಲ್ಲಿ ಮಕ್ಕಳು ಈ ಪುಟವನ್ನು ಹಾರಿಸಿಬಿಡುತ್ತಾರೆ. 1971ರ 'ದಿ ಟೂಂಬ್ಸ್ ಆಫ್ ಅಟುವಾನ್'ನಲ್ಲಿ ಗೋರಿಗಳ ಕತ್ತಲೆಗೆ ಅವನು ಇಳಿದು ಬರುವುದೇ ಇನ್ನರ್ಧಕ್ಕಾಗಿ. ಇನ್ನೊಂದು ಜಾಗವಂತೂ ಅದ್ಭುತ. ಸಾಯುತ್ತಿರುವ ಮಗುವನ್ನು ಉಳಿಸಲು ಅದರ ಜೀವದ ಬೆನ್ನಟ್ಟಿ ಗೆಡ್ ಕತ್ತಲ ಇಳಿಜಾರಿಗೆ ಹೋದಾಗ ಬದುಕಿಗೂ ಸಾವಿಗೂ ನಡುವಿನ ಗಡಿಯಾಗಿ ಅಲ್ಲೊಂದು ಕುಳ್ಳ ಕಲ್ಲಿನ ಗೋಡೆ ಕಾಣುತ್ತದೆ. 1972ರ ಮೂರನೆಯ ಪುಸ್ತಕ ಪೂರ್ತಿಯಾಗಿ ಆ ಗೋಡೆಯ ಕಡೆಗೇ ಸಾಗುತ್ತದೆ. ಕಡೆಗೆ ಗೋಡೆಯಾಚೆಯ ಒಣನಾಡಿನಲ್ಲಿ, ಸತ್ತವರ ಮತ್ತು ಬದುಕಿರುವವರ ಲೋಕಗಳ ನಡುವೆ ಬಿದ್ದ ಬಿರುಕು ಮುಚ್ಚಿ ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಇದನ್ನು ತಿಳಿದು ಮೊದಲನೆಯದಕ್ಕೆ ಮರಳಿದವರಿಗೆ, ಹಟಕ್ಕೆ ಬಿದ್ದು ಮಂತ್ರ ಪ್ರದರ್ಶಿಸುವ ಆ ಹುಡುಗನ ಮೇಲೆ ಕೋಪ ಬರುವುದಿಲ್ಲ, ಕರುಳು ಚುರ್ ಎನ್ನುತ್ತದೆ.

ಇಂಗ್ಲಿಷ್ ಓದಲು ತಡವರಿಸುವ ಮಕ್ಕಳಿಗೂ ಅರ್ತ್‌ಸೀಯಿಂದಲೇ ಶುರುಮಾಡಿಸುವುದು ಒಳ್ಳೆಯದು, ಗಟ್ಟಿಯಾಗಿ ಓದಿ ಹೇಳಲು ಇದರ ಗದ್ಯ ಹೇಳಿ ಮಾಡಿಸಿದ್ದು. ವಾರಕ್ಕೊಂದು ಅಧ್ಯಾಯವೆಂದರೆ ಒಂದು ಟರ್ಮಿನೊಳಗೆ ಮುಗಿಯುತ್ತದೆ. ಹೆಸರುಗಳನ್ನು ಮಾತ್ರ ಮೊದಲೇ ಬೋರ್ಡಿನ ಮೇಲೆ ಬರೆದಿಡಿ. ನಾಯಕನೊಬ್ಬನಿಗೇ ಡ್ಯೂನಿ, ಸ್ಪ್ಯಾರೋಹಾಕ್, ಗೆಡ್ ಎಂದು ಮೂರು ಹೆಸರಿವೆ. ನಿಜನಾಮ ತಿಳಿದವರ ಕೈಯಲ್ಲಿ ಜೀವವೇ ಇರುತ್ತದೆ ಎಂಬುದು ಇಲ್ಲಿನ ಮಂತ್ರವಿದ್ಯೆಯ ಬುಡ. ಹೆಸರು ಕಲಸಿಹೋದರೆ ಕಥೆಯೇ ಕಲಸಿಹೋಗುತ್ತದೆ.

ಪುಲ್‌ಮನ್ ಅವರ ಮೂರು ಪುಸ್ತಕಗಳು 1995, 1997, 2000ರಲ್ಲಿ ಬಂದವು. ಕೊನೆಯದು ಬ್ರಿಟನ್ನಿನ 2001ರ ವಿಟ್‌ಬ್ರೆಡ್ ಪ್ರಶಸ್ತಿಯ 'ವರ್ಷದ ಪುಸ್ತಕ'. ಆ ಗೌರವ ಪಡೆದ ಮೊದಲ ಮಕ್ಕಳ ಕೃತಿ. ಇಲ್ಲಿ ಮತ್ತೆ ಓದಬೇಕಾದ್ದು 'ನಾರ್ದರ್ನ್ ಲೈಟ್ಸ್'ನ ಎರಡನೇ ಅಧ್ಯಾಯ. ಮೊದಲ ಅಧ್ಯಾಯದಲ್ಲಿ ಕಾಲೇಜಿನ ಮುಖ್ಯಸ್ಥನಾದ ಮಾಸ್ಟರ್, ಲಾರ್ಡ್ ಏಸ್ರಿಯಲ್‌ನ ಮದ್ಯಕ್ಕೆ ವಿಷ ಬೆರೆಸುವುದನ್ನು ಲೈರಾ ಬಚ್ಚಿಟ್ಟುಕೊಂಡು ನೋಡುತ್ತಾಳೆ. ಓದುಗರಿಗೆ ಮಾಸ್ಟರ್ ಖಳನಂತೆ ಕಾಣುತ್ತಾನೆ. ಎರಡನೆಯದರಲ್ಲಿ ಅವನು ಗ್ರಂಥಪಾಲಕನೊಂದಿಗೆ ಮಾತಾಡುತ್ತ, ಈ ಹುಡುಗಿ ಮುಂದೊಂದು ದ್ರೋಹ ಮಾಡುತ್ತಾಳೆ, ಅದು ಅವಳಿಗೇ ಘೋರವಾಗಿರುತ್ತದೆ ಎನ್ನುತ್ತಾನೆ. ಲೈರಾಳ ಗೆಳೆಯ ರೋಜರ್‌ನ ಸಾವು ಬಂದಾಗ, ಇದೇ ಆ ದ್ರೋಹ ಎಂದು ಮಕ್ಕಳು ಲೆಕ್ಕ ಮುಗಿಸುತ್ತಾರೆ. ಆದರೆ ಮಾಸ್ಟರ್ ಹೇಳಿದ್ದು ಮೂರನೇ ಸಂಪುಟದಲ್ಲಿ ಫಲಿಸುತ್ತದೆ: ಸತ್ತವರ ನಾಡಿಗೆ ದಾಟುವಾಗ ಲೈರಾ ತನ್ನ ಆತ್ಮವೇ ಆದ ಪ್ಯಾಂಟಲೈಮನ್‌ನನ್ನು ದಡದಲ್ಲಿ ಬಿಟ್ಟುಹೋಗುತ್ತಾಳೆ. ಈ ಜಾಗ ಓದಿಸಿದ ದಿನವೇ ಮೊದಲ ಪುಸ್ತಕವನ್ನು ಮೇಜಿನ ಮೇಲೆ ಸಿದ್ಧವಾಗಿಡಿ. ಒಂದು ವಾರ ತಡವಾದರೂ ಆ ಬಿಸಿ ಆರಿಹೋಗುತ್ತದೆ.

ಅಧ್ಯಾಯಗಳ ಲೆಕ್ಕ 23, 15, 38. ಮೂರಕ್ಕೂ ಒಂದೇ 14 ದಿನದ ಗಡುವು ಕೊಟ್ಟರೆ ಕೊನೆಯದು ಅರ್ಧ ಓದಿ ವಾಪಸಾಗುತ್ತದೆ. ಅದಕ್ಕೆ 21 ದಿನ ಕೊಡಿ. ದಪ್ಪ ಪೇಪರ್‌ಬ್ಯಾಕ್ ಆದ್ದರಿಂದ ಬೆನ್ನು ಸೀಳುವುದೂ ಇದರದ್ದೇ ಹೆಚ್ಚು. ಹೊಸ ಪುಸ್ತಕವನ್ನು ಇಶ್ಯೂ ಮಾಡುವ ಮೊದಲು ಬೆನ್ನಿನ ಮೇಲೆ ನಿಲ್ಲಿಸಿ, ಎರಡೂ ರಟ್ಟುಗಳನ್ನು ಮೆಲ್ಲಗೆ ಒತ್ತಿ, ಬಳಿಕ ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆಯಂತೆ ನಡುವಿನವರೆಗೆ ಸವರುತ್ತ ಬಂದರೆ ಅಂಟು ಒಮ್ಮೆಲೇ ಬಿರಿಯುವುದಿಲ್ಲ. ಕಿತ್ತ ಹಾಳೆಗೆ ಸೆಲ್ಲೋಟೇಪ್ ಬೇಡ, ಅದು ಹಳದಿಗಟ್ಟಿ ಅಂಟು ಒಸರಿಸಿ ಪಕ್ಕದ ಹಾಳೆಯನ್ನೂ ಹಾಳುಮಾಡುತ್ತದೆ. ತೆಳ್ಳಗೆ ಬಿಳಿ ಅಂಟು ಹಚ್ಚಿ ರಾತ್ರಿಯಿಡೀ ಭಾರ ಹೇರಿಡಿ.

ಬಾರ್ಟಿಮಿಯಸ್ (2003ರಿಂದ 2005) ಅನ್ನು ಅಚ್ಚಾದ ಪುಸ್ತಕದಲ್ಲೇ ಓದಿಸಬೇಕು. ಬಾರ್ಟಿಮಿಯಸ್ ಎಂಬ ಜಿನ್ನಿಯ ಮಾತಿನ ರುಚಿ ಪುಟದ ಅಡಿಟಿಪ್ಪಣಿಗಳಲ್ಲಿದೆ. ಇ-ಪುಸ್ತಕದಲ್ಲಿ ಅವು ಲಿಂಕುಗಳಾಗಿ ಬೇರೆಡೆ ಹೋಗಿ ಕುಳಿತರೆ ಓದುವವರು ಬಿಟ್ಟೇಬಿಡುತ್ತಾರೆ. ಆರಂಭದಿಂದಲೂ ಅವನು ಈಜಿಪ್ಟಿನ ಹುಡುಗನ ವೇಷ ಹಾಕುವುದು ಬರೀ ಚಾಳಿಯೆನಿಸುತ್ತದೆ. ಆ ಮುಖ ಯಾರದ್ದು, ಅದನ್ನೇ ಯಾಕೆ ತೊಡುತ್ತಾನೆ ಎಂಬುದು ಬಿಚ್ಚಿಕೊಳ್ಳುವುದು 'ಟಾಲೆಮೀಸ್ ಗೇಟ್'ನಲ್ಲಿ. ಅಲ್ಲಿಂದ ಹಿಂದಿರುಗಿದರೆ ಅವನ ತಮಾಷೆಯ ತುಂಬ ದುಃಖ ಕೇಳಿಸುತ್ತದೆ.

ನಿಕ್ಸ್ ಅವರದ್ದಕ್ಕೆ ಒಂದೇ ಸೂಚನೆ: 'ಸ್ಯಾಬ್ರಿಯೆಲ್' ತನ್ನಷ್ಟಕ್ಕೆ ಪೂರ್ಣ, ಉಳಿದೆರಡು ಒಂದೇ ಕಥೆಯ ಎರಡು ತುಂಡು. ಅವೆರಡನ್ನೂ ಜೊತೆಯಾಗಿ ಇಶ್ಯೂ ಮಾಡಿ.

ಪ್ರತಿಗಳ ಪ್ರಮಾಣ ಮೊದಲನೆಯದು ಮೂರು, ಎರಡನೆಯದು ಎರಡು, ಮೂರನೆಯದು ಎರಡು ಇದ್ದರೆ ಸರಿಹೋಗುತ್ತದೆ. ಹೊಸಬರೂ ಮರುಓದಿನವರೂ ಒಟ್ಟಿಗೆ ಕೇಳುವುದು ಮೊದಲನೆಯದನ್ನೇ. ಅರ್ತ್‌ಸೀಯಲ್ಲಿ ಮಾತ್ರ ಎರಡನೆಯದಕ್ಕೂ ಮೂರು ಪ್ರತಿ ಬೇಕು. ಮೂರನೆಯದಾದ ಹದಿನೆಂಟು ವರ್ಷಕ್ಕೆ, 1990ರಲ್ಲಿ, ಲೆ ಗ್ವಿನ್ 'ಟೆಹಾನು' ಬರೆದರು. ಮಗುವಿನ ಮೇಲಿನ ಕ್ರೌರ್ಯ ಅದರ ನಡುವಿನಲ್ಲಿರುವುದರಿಂದ ಅದನ್ನು ಹಿರಿಯ ತರಗತಿಗಳ ಕಪಾಟಿನಲ್ಲಿಡಿ. ಅಲ್ಲಿ ನಡುವಯಸ್ಸು ತಲುಪಿದ ಟೆನಾರಳನ್ನು ಕಂಡವರು, ಗೋರಿಗಳ ಕತ್ತಲೆಯಲ್ಲಿ ಹೆಸರು ಕಳೆದುಕೊಂಡು ಬೆಳೆದ ಆ ಹುಡುಗಿಯನ್ನು ಹುಡುಕಿಕೊಂಡು ಎರಡನೆಯದಕ್ಕೆ ಬರುತ್ತಾರೆ.