ಗಾಳಿ ಚೆನ್ನಾಗಿದೆ

ನನ್ನ ತಮ್ಮ ನೌಕಾಪಡೆಗೆ ಸೇರಿದಾಗ ಅವನಿಗೆ ಹದಿನೆಂಟು ತುಂಬಿರಲಿಲ್ಲ. ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಕಪ್ಪು ಟ್ರಂಕಿನ ಮೇಲೆ ಕೂತಿದ್ದ. ಹಿಂದಿನ ರಾತ್ರಿ ಅಪ್ಪ ಬಿಳಿ ಪೇಂಟಿನಲ್ಲಿ ಅದರ ಮೇಲೆ ಅವನ ಹೆಸರು ಬರೆದಿದ್ದರು. ಅದಿನ್ನೂ ಸರಿಯಾಗಿ ಒಣಗಿರಲಿಲ್ಲ. ಬಸ್ಸು ಬಂದಾಗ ಎದ್ದ, ಪ್ಯಾಂಟಿಗೆ ಅರ್ಧ ಹೆಸರು ಅಂಟಿಕೊಂಡಿತ್ತು.

ಕಳೆದ ವರ್ಷ ಲಂಡನ್ನಿನಲ್ಲಿ ಆ ಟ್ರಂಕು ಥಟ್ಟನೆ ನೆನಪಾಯಿತು.

ಮಗಳ ಮನೆಗೆ ಹೋಗಿದ್ದೆ. ನನಗೆ ಹಳೆಯ ವ್ಯಂಗ್ಯಚಿತ್ರಗಳ ಹುಚ್ಚು ಅಂತ ಅವಳಿಗೆ ಗೊತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಹಳೆಯ ಮುದ್ರಿತ ಚಿತ್ರಗಳನ್ನು ಮೇಜಿನ ಮೇಲೆ ತರಿಸಿಕೊಂಡು ನೋಡುವ ಕೋಣೆಯಿದೆ, ಅಲ್ಲಿಗೆ ಮೊದಲೇ ಸಮಯ ಗೊತ್ತು ಮಾಡಿಸಿದ್ದಳು. ಒಳಗೆ ಪೆನ್ನು ಬಳಸುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ನಾನು ಕೇಳಿದ್ದು ಮಾಸ್ಟರ್ ಬ್ಲಾಕ್‌ಹೆಡ್ ಅನ್ನೋ ಮಿಡ್‌ಶಿಪ್‌ಮನ್ ಹುಡುಗನ ಕತೆ ಹೇಳುವ ಚಿತ್ರಮಾಲೆ. 1820ರದ್ದು. ಮಿಡ್‌ಶಿಪ್‌ಮನ್ ಅಂದರೆ ಮುಂದೆ ಅಧಿಕಾರಿಯಾಗಲಿ ಅಂತ ಹಡಗು ಹತ್ತಿಸಿದ ಹುಡುಗ. ಹನ್ನೆರಡು, ಹದಿಮೂರು ವರ್ಷಕ್ಕೇ ಎಷ್ಟೋ ಮಕ್ಕಳು ಹೋಗುತ್ತಿದ್ದರು.

ಮೊದಲ ಚಿತ್ರದಲ್ಲಿ ಮನೆಯವರೆಲ್ಲ ಸೇರಿದ್ದಾರೆ. ಹುಡುಗ ಹೊಸ ಯೂನಿಫಾರ್ಮಿನಲ್ಲಿ ಮೆರೆಯುತ್ತಿದ್ದಾನೆ. ಮುಂದೆ ಒಂದು ಪೆಟ್ಟಿಗೆ. ಅದರ ಮೇಲೆ ಅವನ ಹೆಸರು, ಹಡಗಿನ ಹೆಸರು. ಹಡಗಿಗೆ ಇಟ್ಟ ಹೆಸರು 'ಹೆಲ್‌ಫೈರ್', ಅಂದರೆ ನರಕದ ಬೆಂಕಿ. ನೋಡಿದವರು ನಗಲಿ ಅಂತಲೇ ಹಾಗೆ ಬರೆದದ್ದು. ನನಗೆ ನಗು ಬರಲಿಲ್ಲ. ಆ ಅಕ್ಷರಗಳನ್ನೇ ನೋಡುತ್ತಾ ಕೂತೆ. ತಾಮ್ರದ ತಗಡನ್ನು ಒತ್ತಿದ ಗುರುತು ಕಾಗದದ ಅಂಚಿನಲ್ಲಿ ಇನ್ನೂ ತಗ್ಗಾಗಿ ಕಾಣುತ್ತಿತ್ತು. ಬಣ್ಣ ತುಂಬಿದ್ದು ಕೈಯಲ್ಲಿ.

ಆಮೇಲೆ ಹಡಗಿನೊಳಗಿನ ಚಿತ್ರ. ಹುಡುಗರಿರುವ ಇಕ್ಕಟ್ಟಿನ ಜಾಗ. 'ಅಂದುಕೊಂಡ ಹಾಗೆ ಇಲ್ಲ' ಅನ್ನೋ ಅರ್ಥದ ಮಾತು ಕೆಳಗಿದೆ. ಮುಂದೆ ನಡುರಾತ್ರಿಯ ಕಾವಲು, ಚಳಿಗಾಳಿ, ಮಳೆ. ಹನ್ನೆರಡರಿಂದ ನಾಲ್ಕರವರೆಗಿನ ಆ ಪಾಳಿಗೆ ಆಗಲೂ ಮಿಡಲ್ ವಾಚ್ ಅಂತಲೇ ಹೆಸರು. ನಮ್ಮ ನೌಕಾಪಡೆಯಲ್ಲಿ ತಮ್ಮ ಮಾಡಿದ್ದೂ ಅದೇ ಹೆಸರಿನ ಪಾಳಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಸ್ಟ್‌ಹೆಡ್ ಚಿತ್ರ. ತಪ್ಪು ಮಾಡಿದ ಹುಡುಗನನ್ನು ಪಟಸ್ತಂಭದ ತುದಿಗೆ ಹತ್ತಿಸಿ, ಇಳಿ ಅನ್ನುವ ತನಕ ಅಲ್ಲೇ ಇರಿಸುತ್ತಿದ್ದರು. ಗಂಟೆಗಟ್ಟಲೆ. ಹಡಗು ಕೆಳಗೆ ಸ್ವಲ್ಪ ವಾಲಿದರೆ ಮೇಲೆ ಜೀವವೇ ಹಾರಿದ ಹಾಗೆ. ಚಿತ್ರದ ಕೆಳಗೆ ಬರೆದಿದ್ದರು: ಒಳ್ಳೆಯ ಗಾಳಿ ಸೇವಿಸುತ್ತಿದ್ದಾನೆ. ಎಷ್ಟನೇ ಸಲ ಅನ್ನೋ ಲೆಕ್ಕವೂ ಇತ್ತು, ಅದು ನೂರು ದಾಟಿತ್ತು.

ತಮ್ಮನ ಮೊದಲ ಇನ್‌ಲ್ಯಾಂಡ್ ಪತ್ರ ನನಗೆ ಬಾಯಿಪಾಠ. ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿ ಹಡಗಿಗೆ ಹೋದ ಮೇಲೆ ಬರೆದದ್ದು. 'ಅಕ್ಕಾ, ಇಲ್ಲಿ ಗಾಳಿ ಚೆನ್ನಾಗಿದೆ. ಊಟಕ್ಕೆ ತೊಂದರೆಯಿಲ್ಲ. ಅಮ್ಮನಿಗೆ ಹೇಳು.' ಅಮ್ಮ ಅದನ್ನು ಮೂರು ಸಲ ಓದಿಸಿಕೊಂಡಿದ್ದಳು. ಹದಿನೈದು ವರ್ಷ ಸೇವೆ ಮುಗಿಸಿ ಬಂದವ, ಒಂದು ಮದುವೆಮನೆಯ ಹಿಂದೆ ಬಾಳೆಎಲೆ ಒರೆಸುತ್ತಾ ಸುಮ್ನೆ ಹೇಳಿದ. ಆ ತಿಂಗಳು ಗಂಜಿ ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಂತೆ. ಬಕೆಟ್ ಪಕ್ಕದಲ್ಲಿಟ್ಟುಕೊಂಡೇ ಕಾವಲು ಕಾದನಂತೆ.

ಈ ಚಿತ್ರಗಳನ್ನು ಕೊರೆದವರು ಜಾರ್ಜ್ ಕ್ರೂಕ್‌ಶಾಂಕ್. ಆದರೆ ಮೂಲ ರೇಖಾಚಿತ್ರಗಳು ಫ್ರೆಡರಿಕ್ ಮ್ಯಾರಿಯಟ್ ಅವರದ್ದು. ಇಬ್ಬರೂ 1792ರಲ್ಲಿ ಹುಟ್ಟಿದವರು. ಮ್ಯಾರಿಯಟ್ 1806ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಮಿಡ್‌ಶಿಪ್‌ಮನ್ ಆಗಿ ಹಡಗು ಹತ್ತಿದ್ದರು. ಅಂದರೆ ಆ ಗಾಳಿಯ ಮಾತು ದಡದಲ್ಲಿ ನಿಂತವರದ್ದಲ್ಲ. ಇದು ತಿಳಿದ ಮೇಲೆ ಆ ಸಾಲು ನನಗೆ ಕುಹಕ ಅನ್ನಿಸಲೇ ಇಲ್ಲ. ಊರಿಗೆ ಪತ್ರ ಬರೆಯುವ ಹುಡುಗನ ಮಾತು ಅನ್ನಿಸಿತು.

ಕೊನೆಗೆ ನೋಡಿದ್ದು ಅದೇ ಕಾಲದ ಇನ್ನೊಂದು ಚಿತ್ರ, ನೌಕಾ ಇಲಾಖೆಯ ಕಾಯುವ ಕೋಣೆಯದು. 1815ಕ್ಕೆ ನೆಪೋಲಿಯನ್ ಯುದ್ಧ ಮುಗಿದಿತ್ತು, ಹಡಗುಗಳು ಖಾಲಿಯಾದವು. ಅಧಿಕಾರಿಗಳು ಅರ್ಧ ಸಂಬಳದಲ್ಲಿ ಕೆಲಸಕ್ಕೆ ಕಾಯುತ್ತಾ ಕೂತರು. ಅಷ್ಟೆಲ್ಲ ಪಟ್ಟ ಎಷ್ಟೋ ಹುಡುಗರು ಕಡೆಗೆ ಬಂದು ಮುಟ್ಟಿದ್ದು ಅಲ್ಲಿಗೆ. ನನಗೆ ಬಹಳ ಸಂಕಟವಾಯಿತು.

ಹೊರಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿದೆ. ಎಲ್ಲ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಆ ಹುಡುಗನ ಮನೇಲಿ ಗೊತ್ತಾಯ್ತಂತಾ ಅಕ್ಕಾ?"

"ಅದು ಚಿತ್ರದಲ್ಲಿಲ್ಲ ಮಾರಾಯ."

"ಅಮ್ಮನ ಹತ್ರ ಬಕೆಟ್ ವಿಷಯ ಹೇಳ್ಬೇಡ, ಆಯ್ತಾ?"

ಅಮ್ಮನಿಗೀಗ ಎಂಬತ್ತೊಂದು. ನಾನಿನ್ನೂ ಹೇಳಿಲ್ಲ.